ಅವ್ವನ ಸೀರೆ, ಅಪ್ಪನ ಅಂಗಿ: ನೆನಪಿನ ಕೌದಿ ಹೊಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪ ಅಥವಾ ಅವ್ವ ತೀರಿಕೊಂಡ ಮೇಲೆ ಅವರ ಬಟ್ಟೆಯಿಂದ ಕೌದಿ (ಹಳೇ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ) ಮಾಡಬೇಕು ಅಂದುಕೊಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇವು. ಹೊಲಿಗೆಯ ಪ್ರಶ್ನೆಗಳಿಗಿಂತ ಬಟ್ಟೆಯ ಪ್ರಶ್ನೆಗಳೇ ಹೆಚ್ಚು. ಅದು ಸಹಜ. ಕತ್ತರಿ ಹಾಕುವ ತನಕವೇ ಕಷ್ಟ, ಆಮೇಲೆ ಕೈ ತಾನೇ ನಡೆಯುತ್ತದೆ.

ತೀರಿಕೊಂಡವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತಾರಲ್ಲ?

ಹಲವು ಮನೆಗಳಲ್ಲಿ ಹಾಗೆ ಹೇಳುತ್ತಾರೆ. ಕೊನೆಗಾಲದಲ್ಲಿ ಮೈಮೇಲಿದ್ದ ಬಟ್ಟೆ, ಹಾಸಿಗೆ ಇವನ್ನು ಸುಡುವುದೋ ಬಿಡುವುದೋ ರೂಢಿ. ಉಳಿದದ್ದನ್ನು ಹನ್ನೊಂದನೇ ದಿನವೋ ಹದಿಮೂರನೇ ದಿನವೋ ದಾನ ಕೊಡುವವರೂ ಇದ್ದಾರೆ. ನಿಮ್ಮ ಮನೆಯ ಪದ್ಧತಿ ಹಾಗಿದ್ದರೆ ಅದರ ಜೊತೆ ಜಗಳಕ್ಕೆ ಇಳಿಯಬೇಕಿಲ್ಲ. ಕೊಡುವುದನ್ನು ಕೊಡಿ, ಅದಕ್ಕೆ ಮೊದಲು ಬೀರುವಿನಿಂದ ನಾಲ್ಕು ಬಟ್ಟೆ ಎತ್ತಿಡಿ.

ಅದೇ ಊರುಗಳಲ್ಲಿ, ಅದೇ ಮನೆಗಳಲ್ಲಿ, ಅಜ್ಜಿಯ ಹಳೇ ಸೀರೆಯ ಕೌದಿಯನ್ನು ಬಾಣಂತಿಗೆ ಹೊದಿಸಿದ್ದಾರೆ, ಕೂಸಿನ ತೊಟ್ಟಿಲಿಗೆ ಹಾಸಿದ್ದಾರೆ. ಆ ಅಜ್ಜಿ ಬದುಕಿದ್ದಾಳೋ ಇಲ್ಲವೋ ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಹಿರಿಯರು ತಕರಾರು ತೆಗೆದರೆ ಇದನ್ನೊಂದು ನೆನಪಿಸಿ. ಆದರೂ ಒಪ್ಪದಿದ್ದರೆ ವರ್ಷಾಂತಿಕ ಮುಗಿಯಲಿ ಬಿಡಿ, ಆಮೇಲೆ ಅವರೇ ಬಂದು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಾರೆ.

ಯಾವಾಗ ಶುರು ಮಾಡಬೇಕು?

ಬೀರು ತೆಗೆದಾಗ ಬಟ್ಟೆಯನ್ನು ಬಟ್ಟೆಯಾಗಿ ನೋಡಲು ಆದಾಗ. ಬಣ್ಣ ಮಾಸಿದೆಯಾ, ನೂಲು ಗಟ್ಟಿ ಇದೆಯಾ ಅಂತ ಕಣ್ಣು ಹೋಗತೊಡಗಿದರೆ ನೀವು ತಯಾರು ಅಂತ ಅರ್ಥ. ಅಲ್ಲಿಯವರೆಗೆ ಎಲ್ಲವನ್ನೂ ಒಂದು ಹತ್ತಿ ಪಂಚೆಯಲ್ಲಿ ಗಂಟು ಕಟ್ಟಿ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆಯೂ ಬೇಡ. ಅದರ ವಾಸನೆ ಕೂತರೆ ಹೋಗುವುದಿಲ್ಲ, ಮತ್ತು ನಿಮಗೆ ಬೇಕಾದ ವಾಸನೆ ಅದಲ್ಲ. ಒಣಗಿದ ಬೇವಿನೆಲೆ, ನಾಲ್ಕು ಲವಂಗ ಸಾಕು.

ಬಯಲುಸೀಮೆಯಲ್ಲಿ ಕೌದಿ ಹೊಲಿಯುವುದು ಸುಗ್ಗಿ ಮುಗಿದ ಮೇಲಿನ ಬೇಸಿಗೆ ಕೆಲಸ. ಹೊಲದ ಕೆಲಸ ಇರುವುದಿಲ್ಲ, ಹಗಲು ಉದ್ದ, ಹೊಲಿದದ್ದನ್ನು ಒಗೆದು ಹಾಕಿದರೆ ಸಂಜೆಯೊಳಗೆ ಒಣಗುತ್ತದೆ. ನಗರದಲ್ಲಿದ್ದರೂ ಈ ಲೆಕ್ಕ ಸರಿಯೇ.

ಒಡಹುಟ್ಟಿದವರನ್ನು ಕೇಳಬೇಕಾ?

ಕೇಳಲೇಬೇಕು. ಫೋನಿನಲ್ಲಿ "ಅವ್ವನ ಸೀರೆ ಏನಾದರೂ ಮಾಡ್ತೀನಿ" ಅಂತ ತೇಲಿಸಿ ಹೇಳುವುದು ಕೇಳಿದ ಹಾಗಲ್ಲ. ಯಾವ ಸೀರೆ, ಯಾವ ಅಂಗಿ ಅಂತ ಫೋಟೋ ಕಳಿಸಿ, "ಇದಕ್ಕೆ ಕತ್ತರಿ ಹಾಕಲಾ?" ಅಂತ ಸ್ಪಷ್ಟವಾಗಿ ಕೇಳಿ. ಅಕ್ಕ ಒಂದು ಸೀರೆ ಬೇಡ ಅಂದರೆ ಅದನ್ನು ಹಾಗೇ ಮಡಿಚಿ ಅವಳಿಗೆ ಕೊಡಿ. ಕಾರಣ ಕೇಳಬೇಡಿ. ಆಸ್ತಿಯ ಮಾತಿಗಿಂತ ಇಂಥ ಸಣ್ಣ ಬಟ್ಟೆಯ ಮಾತಿನಲ್ಲೇ ಮನಸ್ಸು ಮುರಿಯುವುದು ಜಾಸ್ತಿ.

ಮೂರು ಮಕ್ಕಳಿದ್ದರೆ ಮೂರು ಕೌದಿಯೇ ಆಗಬೇಕೆಂದಿಲ್ಲ. ಒಂದು ಕೌದಿ, ಎರಡು ದಿಂಬಿನ ಕವರು ಆದರೂ ಆಯಿತು. ಒಂದೇ ಸೀರೆಯ ತುಂಡು ಎಲ್ಲದರಲ್ಲೂ ಇರುವ ಹಾಗೆ ಮಾತ್ರ ನೋಡಿಕೊಳ್ಳಿ.

ಯಾವ ಬಟ್ಟೆ ಆರಿಸಲಿ? ಮದುವೆ ಸೀರೆ, ರೇಷ್ಮೆ ಶಲ್ಯ ಎಲ್ಲಾ ಇವೆ.

ಇಲ್ಲಿ ನನ್ನದು ಸ್ವಲ್ಪ ಹಟ. ದಿನಾ ಉಟ್ಟ ಬಟ್ಟೆ ಆರಿಸಿ. ಮದುವೆ ಸೀರೆಯನ್ನು ಅವ್ವ ಉಟ್ಟದ್ದು ಬೆರಳೆಣಿಕೆಯಷ್ಟು ಸಲ. ನೀವು ಅವಳನ್ನು ಕಂಡದ್ದು ಆ ಹಸಿರು ವಾಯಿಲ್ ಸೀರೆಯಲ್ಲಿ, ಸೆರಗಿನ ತುದಿಯಲ್ಲಿ ಬೀಗದ ಕೈ ಗಂಟು ಹಾಕಿಕೊಂಡಿದ್ದ, ಒಲೆ ಮುಂದೆ ಕೈ ಒರೆಸಿಕೊಂಡ ಸೀರೆಯಲ್ಲಿ. ಅಪ್ಪನದಾದರೆ ಮನೆಯಲ್ಲಿ ಹಾಕುತ್ತಿದ್ದ ಪಟ್ಟೆಪಟ್ಟೆ ಅಂಗಿ, ಚೌಕಳಿ ಲುಂಗಿ, ಹೆಗಲ ಮೇಲಿನ ಟವೆಲ್. ಇವನ್ನು ಯಾರೂ ಜೋಪಾನ ಮಾಡಿರುವುದಿಲ್ಲ, ಮೊದಲು ಒರೆಸುವ ಬಟ್ಟೆ ಆಗುವುದೂ ಇವೇ. ಅದಕ್ಕೇ ಮೊದಲು ಇವನ್ನು ಎತ್ತಿಡಿ.

ಕೆಲಸದ ದೃಷ್ಟಿಯಿಂದಲೂ ಹಳೇ ಹತ್ತಿಯೇ ಒಳ್ಳೆಯದು. ನೂರಾರು ಸಲ ಒಗೆಸಿಕೊಂಡ ಹತ್ತಿ ಇನ್ನು ಕುಗ್ಗುವುದಿಲ್ಲ, ಬಣ್ಣ ಬಿಡುವುದೂ ಕಡಿಮೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಬಟ್ಟೆ ಪೂರ್ತಿ ಜೀರ್ಣವಾಗಿದೆಯೋ ಅಂತ ನೋಡಲು ಬೆಳಕಿಗೆ ಹಿಡಿಯಿರಿ. ಆಮೇಲೆ ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಜಗ್ಗಿ. ಚರ್ ಅಂದರೆ ಅದು ಮೇಲ್ಪದರಕ್ಕೆ ಬೇಡ, ಒಳಗಿನ ಪದರಕ್ಕೆ ಹಾಕಿ. ಕೌದಿಯ ಹೊಟ್ಟೆಯಲ್ಲಿ ಏನಿದೆ ಅಂತ ಹೊರಗೆ ಕಾಣುವುದಿಲ್ಲ, ನಿಮಗೆ ಗೊತ್ತಿದ್ದರೆ ಸಾಕು.

ರೇಷ್ಮೆ ಸೀರೆ ಸೇರಿಸಲೇಬೇಕು ಅಂತ ಆಸೆ ಇದ್ದರೆ?

ಅಂಚಿನ ಒಂದು ಪಟ್ಟಿಯನ್ನೋ ಸೆರಗಿನ ಒಂದು ತುಂಡನ್ನೋ ಸೇರಿಸಿ, ಅಷ್ಟು ಸಾಕು. ಮೈಸೂರು ಸಿಲ್ಕ್ ಜಾರುತ್ತದೆ, ಹತ್ತಿಯ ಪಕ್ಕದಲ್ಲಿಟ್ಟು ಹೊಲಿದರೆ ಒಂದು ಕಡೆ ಎಳೆದುಕೊಳ್ಳುತ್ತದೆ. ಹಿಂದೆ ತೆಳು ಹತ್ತಿ ಬಟ್ಟೆ ಇಟ್ಟು ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ಉದ್ದನೆಯ ಹೊಲಿಗೆ) ಹಾಕಿಕೊಂಡರೆ ಹಿಡಿತ ಬರುತ್ತದೆ. ಜರಿ ಮೈಗೆ ಚುಚ್ಚುತ್ತದೆ, ಒಗೆದಂತೆ ಕಪ್ಪಾಗುತ್ತದೆ. ಆದ್ದರಿಂದ ಮುಖದ ಹತ್ತಿರ ಬರುವ ತುದಿಯಲ್ಲಿ ಜರಿ ಬೇಡ, ಕಾಲ ಕಡೆಗಿರಲಿ. ಬಹಳ ವರ್ಷ ಮಡಿಚಿಟ್ಟ ರೇಷ್ಮೆ ಮಡಿಕೆಯ ಗೆರೆಯಲ್ಲೇ ಹರಿಯುತ್ತದೆ, ಆ ಗೆರೆ ಬಿಟ್ಟು ಕತ್ತರಿಸಿ.

ಉಳಿದ ಸೀರೆಯನ್ನು ಹಳೇ ಜರಿ ಕೊಳ್ಳುವವರಿಗೆ ಕೊಡುವ ಮುನ್ನ ಮೊಮ್ಮಕ್ಕಳ ಲಂಗಕ್ಕೆ ಆಗುತ್ತದಾ ನೋಡಿ.

ಇಳಕಲ್ ಸೀರೆ ಕತ್ತರಿಸುವುದು ಹೇಗೆ? ಮನಸ್ಸೇ ಬರುತ್ತಿಲ್ಲ.

ಮನಸ್ಸು ಬರದಿದ್ದರೆ ಬೇಡ, ಇಡೀ ಸೀರೆಯನ್ನೇ ಕೌದಿಯ ಹಿಂಬದಿಗೆ ಹಾಕಿ. ಸೆರಗು ಒಂದು ತುದಿಗೆ ಬರುವ ಹಾಗೆ ಹಾಸಿದರೆ ಕೌದಿ ತಿರುವಿದಾಗ ಸೆರಗೇ ಕಾಣುತ್ತದೆ.

ಕತ್ತರಿಸುವುದಾದರೆ ಒಂದು ವಿಷಯ ತಿಳಿದಿರಲಿ. ಸಾಮಾನ್ಯ ಇಳಕಲ್ ಸೀರೆಯಲ್ಲಿ ಒಡಲು ಹತ್ತಿ, ಕೆಂಪು ಸೆರಗು ರೇಷ್ಮೆ ಅಥವಾ ಆರ್ಟ್ ಸಿಲ್ಕ್. ಎರಡರ ಹಾಸುನೂಲನ್ನು, ಅಂದರೆ ಉದ್ದಕ್ಕೆ ಓಡುವ ನೂಲನ್ನು, ಕುಣಿಕೆ ಕುಣಿಕೆಯಾಗಿ ಕೊಂಡಿ ಹಾಕಿ ನೇಯ್ದಿರುತ್ತಾರೆ, ಅದೇ ಟೋಪ್ ತೆನಿ. ಆ ಜೋಡಣೆಯ ಹತ್ತಿರ ಕತ್ತರಿ ಆಡಿಸಿದರೆ ನೂಲು ಬಿಚ್ಚಿಕೊಳ್ಳಬಹುದು. ಎರಡೂ ಕಡೆ ಒಂದೊಂದು ಸಾಲು ಮಷೀನ್ ಹೊಲಿಗೆ ಹಾಕಿ ಆಮೇಲೆ ಕತ್ತರಿಸಿ. ಜೊತೆಗೆ ಗುಳೇದಗುಡ್ಡ ಖಣದ ಕುಪ್ಪಸಗಳಿದ್ದರೆ ನಿಮ್ಮ ಅದೃಷ್ಟ. ಖಣ ಗಟ್ಟಿ ನೇಯ್ಗೆ, ಮೇಲ್ಪದರಕ್ಕೆ ಕತ್ತರಿಸಿ ಜೋಡಿಸುವ ಚೌಕಗಳಿಗೆ ಹೇಳಿ ಮಾಡಿಸಿದ್ದು. ಕಂಕುಳ ಭಾಗ ಮಾತ್ರ ಬಿಟ್ಟುಬಿಡಿ, ಬೆವರಿಗೆ ಬಟ್ಟೆ ಅಲ್ಲಿ ಸತ್ತಿರುತ್ತದೆ. ಕಸೂತಿ ಇರುವ ಭಾಗವನ್ನು ಚೌಕದ ಅಳತೆಗೆ ಕುಯ್ಯಬೇಡಿ, ಚೌಕವನ್ನೇ ಕಸೂತಿಯ ಅಳತೆಗೆ ದೊಡ್ಡದು ಮಾಡಿ.

ಟೆರಿಕಾಟ್ ಅಂಗಿ, ಬನಿಯನ್, ಸ್ವೆಟರ್, ಖಾಕಿ ಯೂನಿಫಾರ್ಮ್?

ಟೆರಿಕಾಟ್ ಆಗುತ್ತದೆ, ಇಸ್ತ್ರಿ ಮಾತ್ರ ಕಡಿಮೆ ಬಿಸಿಯಲ್ಲಿರಲಿ. ಬನಿಯನ್, ಟೀಶರ್ಟು ಹಿಗ್ಗುವ ಬಟ್ಟೆ. ಟೇಲರ್ ಸಾಮಾನಿನ ಅಂಗಡಿಯಲ್ಲಿ ಇಸ್ತ್ರಿ ಹಾಕಿದರೆ ಅಂಟುವ ಫ್ಯೂಸಿಂಗ್ ಸಿಗುತ್ತದೆ. ಅದನ್ನು ಹಿಂದೆ ಅಂಟಿಸಿ ಆಮೇಲೆ ಕತ್ತರಿಸಿ. ಕೈಯಲ್ಲಿ ಹೆಣೆದ ಸ್ವೆಟರ್ ಕತ್ತರಿಸಿದರೆ ಬಿಚ್ಚುತ್ತಾ ಹೋಗುತ್ತದೆ, ಬೇಡ. ಖಾಕಿ ದಪ್ಪ, ಎರಡು ಖಾಕಿ ಚೌಕ ಅಕ್ಕಪಕ್ಕ ಬಂದರೆ ಸೂಜಿ ಮುರಿಯುತ್ತದೆ. ದೂರ ದೂರ ಇಡಿ.

ಒಗೆಯಬೇಕಾ? ಒಗೆದರೆ ಅವರ ವಾಸನೆ ಹೋಗುತ್ತದೆ.

ಹೋಗುತ್ತದೆ. ಒಗೆಯದಿದ್ದರೂ ಕೆಲವು ತಿಂಗಳಲ್ಲಿ ಹೋಗುತ್ತದೆ, ಅದನ್ನು ತಡೆಯಲು ಆಗುವುದಿಲ್ಲ. ಒಂದು ಬಟ್ಟೆಯನ್ನು, ತಲೆವಸ್ತ್ರವೋ ಟವೆಲೋ ಒಂದನ್ನು, ಒಗೆಯದೆ ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿಯಲ್ಲಿಡಿ, ಆಗಾಗ ತೆಗೆಯಬೇಡಿ. ಕೌದಿಗೆ ಹಾಕುವುದನ್ನೆಲ್ಲ ಒಗೆಯಲೇಬೇಕು. ಬೆವರು, ಎಣ್ಣೆ ಕೂತ ಬಟ್ಟೆ ಬೇಗ ಹರಿಯುತ್ತದೆ, ಹುಳ ಬರುತ್ತದೆ.

ಒಗೆಯುವ ಮುಂಚೆ ಬಣ್ಣ ಪರೀಕ್ಷೆ ಮಾಡಿ. ಬಿಳೀ ಬಟ್ಟೆ ಒದ್ದೆ ಮಾಡಿ ಕೆಂಪು, ಕಪ್ಪು, ಗಾಢ ನೀಲಿ ಬಟ್ಟೆಗಳ ಒಳಭಾಗಕ್ಕೆ ಒತ್ತಿ ಉಜ್ಜಿ. ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಬೇರೆಯಾಗಿ, ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ಜಾಲಿಸಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ನಂಬಿ ಕೂರಬೇಡಿ. ಎಷ್ಟು ಜಾಲಿಸಿದರೂ ಬಿಡುತ್ತಲೇ ಇದ್ದರೆ ಅಪ್ಪನ ಬಿಳೀ ಧೋತರದ ಪಕ್ಕ ಅದನ್ನು ಇಡಬೇಡಿ.

ಎಷ್ಟು ಬಟ್ಟೆ ಬೇಕು?

ಜನ ಅಂದುಕೊಳ್ಳುವುದಕ್ಕಿಂತ ಕಡಿಮೆ. ಒಬ್ಬರು ಹೊದಿಯುವ ಕೌದಿಗೆ 56 ಇಂಚು ಅಗಲ, 88 ಇಂಚು ಉದ್ದ ಅಂತ ಇಟ್ಟುಕೊಳ್ಳಿ. 9 ಇಂಚಿನ ಚೌಕ ಕತ್ತರಿಸಿ, ಸುತ್ತ ಅರ್ಧ ಇಂಚು ಹೊಲಿಗೆಗೆ ಹೋದರೆ 8 ಇಂಚು ಉಳಿಯುತ್ತದೆ. ಅಡ್ಡಕ್ಕೆ 7, ಉದ್ದಕ್ಕೆ 11, ಒಟ್ಟು 77 ಚೌಕ.

ತುಂಬುದೋಳಿನ ಗಂಡಸರ ಅಂಗಿ ಒಂದರಲ್ಲಿ ಬೆನ್ನಿನಿಂದ ಸುಮಾರು 6, ಮುಂಭಾಗದಿಂದ 4ರಿಂದ 6, ತೋಳುಗಳಿಂದ ಒಂದೆರಡು, ಹೀಗೆ ಹತ್ತು ಹನ್ನೆರಡು ಚೌಕ ಸಿಗುತ್ತವೆ. ಏಳು ಅಂಗಿ ಇದ್ದರೆ ಮೇಲ್ಪದರ ಮುಗಿಯಿತು. ಸೀರೆಯಾದರೆ ಐದೂವರೆ ಮೀಟರಿನ ಒಂದರಲ್ಲೇ ನೂರರ ಹತ್ತಿರ ಚೌಕ ಬರುತ್ತವೆ. ಆದ್ದರಿಂದ ಒಂದೊಂದು ಸೀರೆಯಿಂದ ಹತ್ತೇ ಚೌಕ ತೆಗೆದು ಉಳಿದದ್ದನ್ನು ಇಡಿಯಾಗಿ ಬಿಡಬಹುದು. ನಾಲ್ಕು ಮೀಟರಿನ ಧೋತರ ನಡುವೆ ಕತ್ತರಿಸಿ, ಅಗಲಕ್ಕೆ ಜೋಡಿಸಿ, ಅಡ್ಡ ತಿರುವಿ ಹಾಸಿದರೆ ಒಳಗಿನ ಒಂದು ಪದರ. ಹಿಂಬದಿಗೆ ಒಂದು ಸೀರೆ. ಮೇಲೆ ಚೌಕ, ಒಳಗೆ ಒಂದೋ ಎರಡೋ ಪದರ, ಕೆಳಗೆ ಸೀರೆ. ಇದಕ್ಕಿಂತ ಹೆಚ್ಚು ಹಾಕಿದರೆ ಒಗೆಯುವ ದಿನ ಗೊತ್ತಾಗುತ್ತದೆ, ಒದ್ದೆ ಕೌದಿ ಹಿಂಡಲು ಇಬ್ಬರು ಬೇಕು.

ನನಗೆ ಗುಂಡಿ ಹಚ್ಚುವುದು ಬಿಟ್ಟರೆ ಹೊಲಿಗೆ ಬರುವುದಿಲ್ಲ. ಆಗುತ್ತದಾ?

ಆಗುತ್ತದೆ. ಕೌದಿಗೆ ಬೇಕಾದ್ದು ಒಂದೇ ಹೊಲಿಗೆ. ಸೂಜಿ ಕೆಳಗೆ ಹೋಗಬೇಕು, ಮೇಲೆ ಬರಬೇಕು, ಸಾಲು ತಪ್ಪಬಾರದು. ಇದನ್ನೇ ಅಕ್ಷರ ಬಾರದ ಅಜ್ಜಿಯರು ಕನ್ನಡಕವೂ ಇಲ್ಲದೆ ಹೊಲಿದಿದ್ದಾರೆ.

ನೆಲ ಒರೆಸಿ ಹಿಂಬದಿಯ ಸೀರೆಯನ್ನು ಒಳಮೈ ನಿಮಗೆ ಕಾಣುವ ಹಾಗೆ, ಸುಕ್ಕಿಲ್ಲದೆ ಹಾಸಿ ನಾಲ್ಕು ಮೂಲೆಗೆ ಭಾರ ಇಡಿ. ಅದರ ಮೇಲೆ ಒಳಪದರ, ಅದರ ಮೇಲೆ ಜೋಡಿಸಿದ ಚೌಕಗಳು. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಕಚ್ಚಾ ಹೊಲಿಗೆಯನ್ನು ಗೇಣಿಗೊಂದರಂತೆ ಹಾಕಿ. ಈ ಕಚ್ಚಾ ಹೊಲಿಗೆಗೆ ಬೇಸರ ಪಟ್ಟವರ ಕೌದಿ ಕೊನೆಗೆ ಒಂದು ಮೂಲೆಯಲ್ಲಿ ಸೊಟ್ಟಗಾಗಿ ಕೂರುತ್ತದೆ. ಆಮೇಲೆ ಗಟ್ಟಿ ಹತ್ತಿ ದಾರ ಎರಡೆಳೆ ಮಾಡಿ, ಒಂದು ತೋಳುದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳದೆ, ಮೇಣದ ಮೇಲೆ ಒಮ್ಮೆ ಎಳೆದುಕೊಂಡು ಶುರು ಮಾಡಿ. ಸಾಲಿಂದ ಸಾಲಿಗೆ ಒಂದು ಇಂಚು. ಗಂಟು ಪದರದೊಳಗೆ ಮುಚ್ಚಿಹೋಗಲಿ. ನಡುಬೆರಳಿಗೆ ತೊಡುವ ಲೋಹದ ಟೋಪಿ ಅಂಗಡಿಯಲ್ಲಿ ಸಿಗುತ್ತದೆ, ಅದಿಲ್ಲದೆ ನಾಲ್ಕು ಪದರ ಚುಚ್ಚಿದರೆ ಮರುದಿನ ರೊಟ್ಟಿ ತಟ್ಟಲು ಆಗುವುದಿಲ್ಲ.

ಚೌಕಗಳನ್ನು ಮೊದಲೇ ಜೋಡಿಸಿಕೊಂಡಿದ್ದರೆ ಹೊಲಿಗೆ ನಡುವಿನಿಂದ ಅಂಚಿನ ಕಡೆಗೆ ಹೋಗಬೇಕು. ಅಂಚಿನಿಂದ ಒಳಗೆ ಬಂದರೆ ಹೆಚ್ಚಾದ ಬಟ್ಟೆಯೆಲ್ಲ ನಡುವೆ ಬಂದು ಉಬ್ಬುತ್ತದೆ.

ಸಿದ್ದಿ ಹೆಂಗಸರ ಕೌದಿಯಲ್ಲಿ ಅಂಚಿನಿಂದಲೇ ಶುರು ಮಾಡುತ್ತಾರಲ್ಲ?

ಹೌದು, ಅವರ ರೀತಿಯೇ ಬೇರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ತುಂಡುಗಳನ್ನು ಮೊದಲು ಜೋಡಿಸಿಕೊಳ್ಳುವುದಿಲ್ಲ. ಕೆಳಗಿನ ಸೀರೆ ಹಾಸಿ, ಒಂದು ಮೂಲೆಯಿಂದ ತುಂಡು ಇಡುತ್ತಾ, ಅದರ ಅಂಚು ಒಳಗೆ ಮಡಿಚುತ್ತಾ, ಎಲ್ಲ ಪದರ ಸೇರಿಸಿ ಒಮ್ಮೆಗೇ ಹೊಲಿಯುತ್ತಾ, ಸುತ್ತು ಸುತ್ತಿ ನಡುವಿಗೆ ಬರುತ್ತಾರೆ. ತುಂಡು ಹೋದಲ್ಲೆಲ್ಲ ಹೊಂದಿಸಿಕೊಳ್ಳುವುದರಿಂದ ಉಬ್ಬುವ ಪ್ರಶ್ನೆ ಇಲ್ಲ. ನಾಲ್ಕು ಮೂಲೆಗೂ ಬಟ್ಟೆ ಮಡಿಚಿ ಮಾಡಿದ ಸಣ್ಣ ತ್ರಿಕೋನದ ಹೂ ಇಡುತ್ತಾರೆ, ಅದಿಲ್ಲದೆ ಕೌದಿ ಮುಗಿದಂತೆ ಅಲ್ಲ.

ನೆನಪಿನ ಕೌದಿಗೆ ಇದೇ ಹೆಚ್ಚು ಒಪ್ಪುತ್ತದೆ ಅಂತ ನನಗನಿಸುತ್ತದೆ. ಬಟ್ಟೆಯನ್ನು ಒಂದೇ ಅಳತೆಗೆ ತರುವ ಹಂಗಿಲ್ಲ. ಜಂಪರಿನ ತೋಳು ತೋಳಿನ ಆಕಾರದಲ್ಲೇ ಇರಬಹುದು, ಕಾಲರು ಕಾಲರಾಗಿಯೇ ಕೂರಬಹುದು. ಇವತ್ತು ಒಂದು ತುಂಡು, ಮನಸ್ಸಿದ್ದರೆ ನಾಳೆ ಇನ್ನೊಂದು.

ಮಷೀನ್‌ನಲ್ಲಿ ಹೊಲಿದರೆ ತಪ್ಪಾ?

ಇಲ್ಲ. ಚೌಕ ಜೋಡಿಸಲು ಮಷೀನೇ ಗಟ್ಟಿ. ಪದರ ಸೇರಿಸುವ ಹೊಲಿಗೆ ಮನೆ ಮಷೀನಿಗೆ ಭಾರ, ದಪ್ಪ ಸೂಜಿ ಹಾಕಿ ಉದ್ದ ಹೊಲಿಗೆ ಇಟ್ಟು ನಿಧಾನಕ್ಕೆ ಓಡಿಸಿ.

ಜೇಬು, ಗುಂಡಿ, ಕಲೆ ಇವನ್ನು ಏನು ಮಾಡಲಿ?

ಜೇಬನ್ನು ಬಿಚ್ಚಬೇಡಿ, ಜೇಬಿನ ಸಮೇತ ಚೌಕ ಕತ್ತರಿಸಿ. ಪೆನ್ನು ಸೋರಿ ಜೇಬಿನ ತಳದಲ್ಲಿ ಆದ ಇಂಕಿನ ಕಲೆ ಇದ್ದರೆ ಅದನ್ನು ತೆಗೆಯಲು ನಿಂಬೆಹಣ್ಣು, ಸ್ಪಿರಿಟ್ ಅಂತ ಒದ್ದಾಡಬೇಡಿ. ಅಪ್ಪ ಮೇಷ್ಟರಾಗಿದ್ದರು ಅಂತ ಹೇಳಲು ಆ ಕಲೆಗಿಂತ ಬೇರೆ ಗುರುತು ಬೇಕಾ? ಅರಿಶಿಣದ ಕಲೆಯೂ ಹಾಗೇ. ಬಿಸಿಲಿಗೆ ಹಾಕಿದಂತೆ ತಾನೇ ಮಸುಕಾಗುತ್ತದೆ, ಅಷ್ಟರಮಟ್ಟಿಗೆ ಉಳಿಯಲಿ. ರಕ್ತದ, ಔಷಧಿಯ ಕಲೆ ಇರುವ ಆಸ್ಪತ್ರೆ ದಿನಗಳ ಬಟ್ಟೆ ಮಾತ್ರ ಬೇಡ.

ಗುಂಡಿ ಪಟ್ಟಿಯನ್ನು ಗುಂಡಿ ಹಾಕಿದ ಸ್ಥಿತಿಯಲ್ಲೇ ಚೌಕವಾಗಿ ಕತ್ತರಿಸಬಹುದು, ಹಿಂದೆ ಒಂದು ಸಾಲು ಹೊಲಿದು ಬಾಯಿ ಮುಚ್ಚಿ. ಎಳೇ ಮಕ್ಕಳು ಹೊದಿಯುವುದಾದರೆ ಗುಂಡಿ ತೆಗೆದು ಕಾಜ ಮಾತ್ರ ಬಿಡಿ, ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.

ಹೆಸರು, ಕೈಬರಹ, ಫೋಟೋ ಹಾಕಬಹುದಾ?

ಕೈಬರಹ ಹಾಕಿ, ಚೆಂದ. ಹಳೇ ಪತ್ರದಿಂದ, ಡೈರಿಯಿಂದ, ಅವ್ವ ಬರೆದಿಟ್ಟ ಮಸಾಲೆ ಪುಡಿಯ ಅಳತೆಯಿಂದ ಒಂದು ಸಾಲು ಆರಿಸಿ. ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿಸಿ, ಎಂಬ್ರಾಯ್ಡರಿ ಕಾರ್ಬನ್ ಇಟ್ಟು ಬಟ್ಟೆಗೆ ಇಳಿಸಿ, ಸರಪಳಿ ಹೊಲಿಗೆಯಲ್ಲಿ ತುಂಬಿ. ಒತ್ತಕ್ಷರ ಸೊಟ್ಟಗಿದ್ದರೆ ಸೊಟ್ಟಗೇ ಹೊಲಿಯಿರಿ. "ಧನಿಯಾ 1 ಪಾವು, ಬ್ಯಾಡಗಿ ಮೆಣಸಿನಕಾಯಿ 1 ಪಾವು" ಅನ್ನುವ ಸಾಲು ಯಾವ ಶ್ಲೋಕಕ್ಕಿಂತಲೂ ಹೆಚ್ಚು ಹೇಳುತ್ತದೆ.

ಫೋಟೋ ಬಟ್ಟೆಯ ಮೇಲೆ ಅಚ್ಚು ಹಾಕಿಸಿಕೊಡುವವರಿದ್ದಾರೆ. ನಾನು ಬೇಡ ಅಂತೀನಿ. ಒಗೆದಂತೆ ಮುಖ ಮಾಸುತ್ತದೆ, ರಾತ್ರಿ ಅದೇ ಮುಖ ಕಾಲಡಿ ಬರುತ್ತದೆ. ಫೋಟೋಕ್ಕೆ ಗೋಡೆ ಇದೆ.

ಬೇರೆಯವರ ಕೈಲಿ ಹೊಲಿಸುವುದಾದರೆ?

ಉತ್ತರ ಕರ್ನಾಟಕದ ಊರುಗಳಲ್ಲಿ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ. ಅಳತೆ, ಪದರ ಎಷ್ಟು, ಹೊಲಿಗೆ ಎಷ್ಟು ಒತ್ತಾಗಿರಬೇಕು, ಇದರ ಮೇಲೆ ಕೂಲಿ. ಮೊದಲೇ ಮಾತಾಡಿಕೊಳ್ಳಿ, ಒತ್ತು ಹೊಲಿಗೆ ಕೇಳಿ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ಇದು ತೀರಿಕೊಂಡವರ ಬಟ್ಟೆ ಅಂತ ಮುಚ್ಚಿಡಬೇಡಿ, ಕೆಲವರು ಒಪ್ಪದೇ ಇರಬಹುದು. ಒಪ್ಪಿದವರು ಒಂದು ಚಿಂದಿಯೂ ಬಿಸಾಕದೆ ವಾಪಸು ಕೊಡುತ್ತಾರೆ. ಕತ್ತರಿಸುವ ಕೆಲಸ ಮಾತ್ರ ನೀವೇ ಮಾಡಿ ಕೊಡಿ. ಯಾವ ತುಂಡು ಮುಖ್ಯ ಅಂತ ಅವರಿಗೆ ಗೊತ್ತಿರುವುದಿಲ್ಲ.

ನಾವು ಅಮೆರಿಕದಲ್ಲಿದ್ದೇವೆ. ಬಟ್ಟೆ ತರಬೇಕಾ, ಅಲ್ಲೇ ಮಾಡಿಸಬೇಕಾ?

ಊರಿಗೆ ಬಂದಾಗ ಒಗೆದು, ಕತ್ತರಿಸಿ, ಚೌಕಗಳನ್ನು ಮಾತ್ರ ಒಯ್ಯಿರಿ. 77 ಚೌಕ ಅಂದರೆ ಒಂದು ಸಣ್ಣ ಕಟ್ಟು, ಕೈಚೀಲದಲ್ಲೇ ಹಿಡಿಸುತ್ತದೆ. ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ. ಅಲ್ಲಿಯ ಕ್ವಿಲ್ಟ್ (ಅವರ ಕೌದಿ) ಅಂಗಡಿಗಳಲ್ಲಿ ಒಳಗೆ ಹತ್ತಿಯ ಹಾಳೆ ಇಟ್ಟು ದೊಡ್ಡ ಮಷೀನಿನಲ್ಲಿ ಹೊಲಿದುಕೊಡುತ್ತಾರೆ. ಚಳಿಗೆ ಅದು ಒಳ್ಳೆಯದೇ. ಆದರೆ ಒಳಪದರಕ್ಕೆ ಅಪ್ಪನ ಧೋತರವನ್ನೇ ಹಾಕಿ ಅಂತ ಕೇಳಿನೋಡಿ.

ಗೋಡೆಗೆ ತೂಗುಹಾಕಲಾ, ಹೊದಿಯಲಾ?

ನೋಡಲೆಂದೇ ಮಾಡುವ ನೆನಪಿನ ಕ್ವಿಲ್ಟುಗಳೂ ಇವೆ. ಏಡ್ಸ್‌ನಿಂದ ಸತ್ತವರಿಗಾಗಿ ಅಮೆರಿಕದಲ್ಲಿ ಒಂದು ದೊಡ್ಡ ಕ್ವಿಲ್ಟ್ ಹೊಲಿದು 1987ರಲ್ಲಿ ವಾಷಿಂಗ್ಟನ್‌ನ ಬಯಲಲ್ಲಿ ಹಾಸಿದ್ದರಲ್ಲ, ಅದರ ಒಂದೊಂದು ಭಾಗ 3 ಅಡಿ ಅಗಲ, 6 ಅಡಿ ಉದ್ದ, ಒಂದು ಗೋರಿಯ ಅಳತೆ. ಅದು ಊರೆಲ್ಲ ನೋಡಲಿ ಅಂತ ಮಾಡಿದ್ದು. ನಿಮ್ಮದು ಹಾಗಲ್ಲ. ಹೊದಿಯಿರಿ. ಜ್ವರ ಬಂದ ಮಗುವಿಗೆ ಹೊದಿಸಿ, ನೆಂಟರು ಬಂದಾಗ ಹಾಸಿ. ಎತ್ತಿಟ್ಟ ಕೌದಿಯನ್ನೂ ಇಲಿ ಬಿಡುವುದಿಲ್ಲ.

ಒಗೆಯುವುದು ವರ್ಷಕ್ಕೆ ಎರಡು ಮೂರು ಸಲ ಸಾಕು, ತಣ್ಣೀರಲ್ಲಿ, ಕಲ್ಲಿಗೆ ಬಡಿಯದೆ. ಹಗ್ಗದ ಮೇಲೆ ಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ, ಗೋಡೆಯ ಮೇಲೋ ಹೊರಸಿನ ಮೇಲೋ ಹರಡಿ. ಕಡುಬಿಸಿಲು ಹಿಂಬದಿಗೆ ಬೀಳಲಿ, ಮೇಲ್ಮೈಗೆ ಬೇಡ.

ಒಂದು ಚೌಕ ಹರಿದರೆ?

ಹರಿದದ್ದನ್ನು ಕೀಳಬೇಡಿ. ಅದರ ಮೇಲೆಯೇ ಇನ್ನೊಂದು ತುಂಡು ಇಟ್ಟು ಸುತ್ತ ಹೊಲಿಯಿರಿ. ಇದಕ್ಕಾಗಿ ಪ್ರತಿ ಬಟ್ಟೆಯ ಒಂದೊಂದು ಹೆಚ್ಚುವರಿ ಚೌಕ ಎತ್ತಿಟ್ಟಿರಬೇಕು. ಅದೂ ಮುಗಿದರೆ ನಿಮ್ಮದೇ ಹಳೇ ಬಟ್ಟೆ ಹಾಕಿ.

ಮಿಕ್ಕ ಚೂರುಗಳು?

ದಿಂಬಿಗೆ ತುಂಬಿ. ಕಾಲರಿನ ಗಟ್ಟಿ ತುಂಡು, ಸೊಂಟಪಟ್ಟಿ, ಹುಕ್ಕು ಬೇರ್ಪಡಿಸಿ, ಇಲ್ಲದಿದ್ದರೆ ತಲೆಗೆ ಒತ್ತುತ್ತವೆ. ಉದ್ದನೆಯ ಪಟ್ಟಿಗಳು ಉಳಿದಿದ್ದರೆ ಮೂರು ಎಳೆ ಜಡೆ ಹೆಣೆದು ಸುತ್ತಿ ಹೊಲಿದರೆ ಬಿಸಿ ಪಾತ್ರೆ ಇಡುವ ಸಿಂಬಿ ಆಗುತ್ತದೆ. ಟೆರಿಕಾಟಿನ ಪಟ್ಟಿ ಮಾತ್ರ ಅದಕ್ಕೆ ಬೇಡ, ಬಿಸಿಗೆ ಕರಗಿ ಅಂಟುತ್ತದೆ.